ಮುಗ್ದೋಯ್ತು, ಚಾರ್ಜ್ ಮಾಡಿ

ಬೆಳಿಗ್ಗೆ ಆರಕ್ಕೆ ನಾನು ಸ್ಟೇಷನ್ನಿನ ಚಾರ್ಜ್ ತೆಗೆದುಕೊಂಡಾಗ ಆರು ಫೀಡರುಗಳ ಪೈಕಿ ಐದು ನಡೆಯುತ್ತಿದ್ದವು, ನಾಲ್ಕನೆಯದು ಮಲಗಿತ್ತು. ಹಿಂದಿನ ಸಂಜೆ ಎದ್ದ ಗಾಳಿ ಅಂಥದ್ದು. ನಮ್ಮದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಸಣ್ಣ ವಿದ್ಯುತ್ ಸಬ್‌ಸ್ಟೇಷನ್. ದೂರದಿಂದ ಬರುವ ಕರೆಂಟಿನ ಒತ್ತಡ ಇಳಿಸಿ, ಹನ್ನೊಂದು ಸಾವಿರ ವೋಲ್ಟಿನ ಲೈನುಗಳಾಗಿ ಹಳ್ಳಿಗಳಿಗೆ ಹಂಚುತ್ತೇವೆ. ಆ ಒಂದೊಂದು ಲೈನಿಗೂ ಫೀಡರ್ ಎಂದು ಹೆಸರು. ನಾಲ್ಕನೇ ಫೀಡರ್ ಮೊದಲಿನಿಂದ ಕೊನೆಯವರೆಗೂ ತೆಂಗಿನ ತೋಟಗಳ ನಡುವೆಯೇ ಹೋಗುತ್ತದೆ. ಗಾಳಿ ಬಂತೆಂದರೆ ಮೊದಲು ಬೀಳುವುದು ಅದೇ.

ಹಿಂದಿನ ಪಾಳಿಯ ಆಪರೇಟರ್ ಮನೆಗೆ ಹೊರಡುವ ಅವಸರದಲ್ಲಿ ಹೆಲ್ಮೆಟ್ ಹಾಕಿಕೊಳ್ಳುತ್ತಲೇ ಹೇಳಿದರು: "ನಾಲ್ಕನ್ನ ಎರಡು ಸಲ ಟೆಸ್ಟ್ ಚಾರ್ಜ್ ಮಾಡ್ದೆ, ನಿಲ್ಲಲಿಲ್ಲ. ಬ್ಯಾಟರಿ ಚಾರ್ಜರ್ ಸ್ವಲ್ಪ ಬಿಸಿಯಾಗ್ತಿದೆ, ನೋಡ್ತಾ ಇರಿ. ಸೆಕ್ಷನ್ ಆಫೀಸರ್ ರಜಾ, ಪಕ್ಕದ ಸೆಕ್ಷನ್ನಿನ ಸಾಹೇಬ್ರೇ ಇವತ್ತು ಚಾರ್ಜಲ್ಲಿರೋದು. ಸ್ಟೇಷನ್ ಮೊಬೈಲು ಚಾರ್ಜಿಗೆ ಹಾಕಿದೀನಿ, ತೆಗೀರಿ."

ಒಂದೇ ಉಸಿರಿನಲ್ಲಿ ನಾಲ್ಕು ಚಾರ್ಜು. ಆಗ ಅದು ನನ್ನ ಕಿವಿಗೆ ಬೀಳಲೇ ಇಲ್ಲ. ನಾವು ಹಾಗೇ ಮಾತಾಡುತ್ತೇವೆ. ಲೈನಿಗೆ ಕರೆಂಟು ಕೊಟ್ಟರೂ ಚಾರ್ಜು, ಒಬ್ಬರಿಂದ ಇನ್ನೊಬ್ಬರಿಗೆ ಅಧಿಕಾರ ಹೋದರೂ ಚಾರ್ಜು. ರಿಜಿಸ್ಟರಿಗೆ ಸಹಿ ಹಾಕಿ ಕುರ್ಚಿಯಲ್ಲಿ ಕುಳಿತೆ.

ಏಳೂ ಕಾಲಿಗೆ ಲೈನ್‌ಮ್ಯಾನ್ ಫೋನ್ ಮಾಡಿದರು. ಐವತ್ತೈದು ದಾಟಿದವರು, ನಾಲ್ಕನೇ ಫೀಡರಿನ ಕಂಬಗಳನ್ನು ತಮ್ಮ ಮನೆಯ ದನಗಳಷ್ಟೇ ಚೆನ್ನಾಗಿ ಬಲ್ಲವರು. ಅವರ ಫೋನಿನ ಮಾತಿಗೆ ಒಂದು ಕ್ರಮವಿತ್ತು. ಮೊದಲು ತಮ್ಮ ಹೆಸರು, ಆಮೇಲೆ ಫೀಡರಿನ ಹೆಸರು, ಆಮೇಲೆ ಕೆಲಸ.

"ಎಲ್‌ಸಿ ಬೇಕಿತ್ತು ಕಣಮ್ಮ, ನಾಲ್ಕಕ್ಕೆ. ಕೆರೆ ಏರಿ ದಾಟಿದ್ಮೇಲೆ ಎರಡನೇ ತೋಟದಾಗೆ ಮರ ಲೈನ್ ಮ್ಯಾಲೆ ವಾಲ್ಕಂಡದೆ. ಒಂದು ತಂತಿ ತುಂಡಾಗ್ಯದೆ. ನಾನು, ಜೊತೆಗಿಬ್ಬರು."

ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಕಂಬ ಹತ್ತುವ ಮೊದಲು ಲೈನ್‌ಮ್ಯಾನ್ ನನ್ನಿಂದ ಪಡೆಯುವ ಅನುಮತಿ ಅದು. ಅದು ಕೊಟ್ಟ ಗಳಿಗೆಯಿಂದ ಆ ಲೈನ್ ಅವರದು. ಅವರೇ ವಾಪಸ್ ಕೊಡುವವರೆಗೆ ನಾನದನ್ನು ಮುಟ್ಟುವ ಹಾಗಿಲ್ಲ. ನಾನು ಬ್ರೇಕರ್ ಕೋಣೆಗೆ, ಅಂದರೆ ಲೈನುಗಳ ದೊಡ್ಡ ಸ್ವಿಚ್ಚುಗಳಿರುವ ಕೋಣೆಗೆ ಹೋಗಿ, ನಾಲ್ಕನೆಯದರ ಬ್ರೇಕರ್ ಕೂತಿರುವ ಟ್ರಾಲಿಯನ್ನು ಹೊರಗೆಳೆದೆ, ಅಕಸ್ಮಾತ್ ಕರೆಂಟು ಬಂದರೂ ನೆಲಕ್ಕಿಳಿಯುವಂತೆ ಲೈನಿಗೆ ಅರ್ತ್ ಹಾಕಿದೆ, ಬೀಗ ಜಡಿದು ಕೀಲಿಯನ್ನು ಮೇಜಿನ ಡ್ರಾದಲ್ಲಿಟ್ಟೆ. ಹಿಡಿಕೆಗೆ 'ಜನ ಕೆಲಸದಲ್ಲಿದ್ದಾರೆ' ಎನ್ನುವ ಕೆಂಪು ಬೋರ್ಡು ನೇತುಹಾಕಿದೆ. ವಾಪಸ್ ಬಂದು ಫೋನಿನಲ್ಲಿ ನಂಬರ್ ಹೇಳಿದೆ: ಎಲ್‌ಸಿ ಹದಿನಾಲ್ಕು. ಅವರೂ "ಹದಿನಾಲ್ಕು" ಎಂದು ತಿರುಗಿ ಹೇಳಿದರು.

ಎಂಟೂವರೆಗೆ ಡೇರಿ ಕಾರ್ಯದರ್ಶಿಯ ಫೋನ್ ಶುರುವಾಯಿತು. ಆ ಫೀಡರಿನ ಒಂದು ಹಳ್ಳಿಯಲ್ಲಿ ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕಿದೆ. ಸುತ್ತಲಿನ ನಾಲ್ಕು ಊರು, ಎರಡು ಹಟ್ಟಿಗಳ ಹಾಲು ಅಲ್ಲಿಗೇ ಬರುತ್ತದೆ. ಅಂದು ಅವರ ಜನರೇಟರ್ ಕೈಕೊಟ್ಟಿತ್ತು.

"ಬೆಳಗಿನ ಹಾಲೆಲ್ಲ ಟ್ಯಾಂಕ್‌ನಾಗೆ ಕುಂತದೆ ಕಣಮ್ಮ. ಬಿಸಿಲು ಏರ್ತಾ ಅದೆ. ಯಾವಾಗ ಬತ್ತದೆ ಕರೆಂಟು?"

"ಕೆಲಸ ನಡೀತಿದೆ. ಹನ್ನೊಂದರ ಹೊತ್ತಿಗೆ ಬರಬಹುದು."

ಹನ್ನೊಂದು ಎಂದು ನನ್ನ ಬಾಯಿಂದ ಬಂದಿದ್ದೇ ತಪ್ಪಾಯಿತು. ಅಲ್ಲಿ ತೋಟದಲ್ಲಿ ಮರದ ಯಜಮಾನರು, ಫಸಲು ಬಿಡುವ ಮರ, ಕಡಿಯಲು ಬಿಡುವುದಿಲ್ಲ ಎಂದು ಅಡ್ಡ ನಿಂತಿದ್ದರಂತೆ. ಲೈನ್‌ಮ್ಯಾನ್ ಅವರ ಜೊತೆ ಜಗಳಕ್ಕೆ ಹೋಗದೆ, ಮರಕ್ಕೆ ಹಗ್ಗ ಕಟ್ಟಿ, ಅವರ ಮನೆಯವರಿಂದಲೇ ಇನ್ನೊಂದು ಬದಿಗೆ ಎಳೆಸಿ ಬಿಗಿದಿದ್ದರು. ಮರ ಉಳಿಯಿತು, ಒಂದೂವರೆ ತಾಸು ಹೋಯಿತು. ಹತ್ತೂವರೆಗೆ ಅವರು ಸಾಹೇಬರಿಗೆ, ತಂತಿ ಸೇರಿಸಿದ್ದಾಗಿದೆ, ಹನ್ನೊಂದಕ್ಕೆ ಮುಗಿಯುತ್ತದೆ ಎಂದು ತಿಳಿಸಿದ್ದರು. ಆಮೇಲೆ ಮೂರು ಕಂಬದಾಚೆ ತಂತಿ ಹೊರುವ ಪಿಂಗಾಣಿ ಸೀಳಿರುವುದು ಕಣ್ಣಿಗೆ ಬಿತ್ತು. ಹಳೆಯದನ್ನು ಬಿಚ್ಚಿ ಹೊಸದು ಹಾಕಬೇಕಿತ್ತು. ಈ ಎರಡನೇ ಸುದ್ದಿ ಸಾಹೇಬರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹನ್ನೊಂದು ಇಪ್ಪತ್ತಕ್ಕೆ ಸ್ಟೇಷನ್ ಮೊಬೈಲ್ ಹೊಡೆದುಕೊಂಡಿತು. ಲೈನ್‌ಮ್ಯಾನ್ ನಂಬರ್. ಗಾಳಿಯ ಸದ್ದು, ಕೊರಕೊರ, ನಡುನಡುವೆ ಧ್ವನಿ.

"ಅಮ್ಮಾ... ಮುಗ್ದೋಯ್ತು ಕಣಮ್ಮ... ಚಾರ್ಜ್ ಮಾಡಿ..."

ಕಟ್ ಆಯಿತು.

ನಾನು ಕೂಡಲೇ ತಿರುಗಿ ಮಾಡಿದೆ. ಸ್ವಿಚ್ ಆಫ್. ಇನ್ನೊಂದು ಸಲ, ಮತ್ತೊಂದು ಸಲ. ಜೊತೆಗಿದ್ದ ಇಬ್ಬರಲ್ಲಿ ಒಬ್ಬರ ನಂಬರ್ ನನ್ನ ಹತ್ತಿರ ಇತ್ತು. ರಿಂಗ್ ಆಗುತ್ತಲೇ ಇತ್ತು, ಎತ್ತಲಿಲ್ಲ. ಫೋನ್ ಮನೆಯಲ್ಲೇ ಬಿಟ್ಟು ಬಂದಿದ್ದರೆಂದು ಆಮೇಲೆ ತಿಳಿಯಿತು. ಆದರೂ ನಿಜ ಹೇಳುತ್ತೇನೆ, ನನಗೆ ಆ ಕ್ಷಣ ಅನುಮಾನಕ್ಕಿಂತ ಸಂತೋಷವೇ ಹೆಚ್ಚಾಗಿತ್ತು. ಬೆಳಿಗ್ಗೆಯಿಂದ ಕಾದಿದ್ದ ಮಾತು ಅದು. ಮುಗಿಯಿತು, ಚಾರ್ಜ್ ಮಾಡಿ. ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಬೇಕು?

ಅಷ್ಟರಲ್ಲಿ ಸಾಹೇಬರ ಫೋನ್ ಬಂತು. ಎರಡು ಸೆಕ್ಷನ್ನಿನ ಹೊರೆ ಹೊತ್ತು ಬೆಳಗಿನಿಂದ ಓಡಾಡುತ್ತಿದ್ದವರು. ಮಾತು ಚುಟುಕು.

"ಏನಮ್ಮ, ನಾಲ್ಕು ಏನಾಯ್ತು?"

"ಸರ್, ಈಗ ತಾನೆ ಮುಗ್ದೋಯ್ತು, ಚಾರ್ಜ್ ಮಾಡಿ ಅಂದ್ರು. ಕಟ್ ಆಯ್ತು. ತಿರುಗಿ ಮಾಡಿದ್ರೆ ಸ್ವಿಚ್ ಆಫ್ ಬರ್ತಿದೆ."

"ನಂಗೂ ಹನ್ನೊಂದಕ್ಕೆ ಮುಗಿಯುತ್ತೆ ಅಂದಿದ್ದ. ಸರಿಹೋಯ್ತಲ್ಲ. ಚಾರ್ಜ್ ಮಾಡಿ."

"ಎಲ್‌ಸಿ ವಾಪಸ್ ಅಂತ ಹೇಳಲಿಲ್ಲ ಸರ್."

"ಚಾರ್ಜ್ ಮಾಡಿ ಅಂದ್ಮೇಲೆ ವಾಪಸ್ ಕೊಟ್ಟ ಹಾಗೇ ಅಲ್ವೇನಮ್ಮ? ಡೇರಿಯವರು ನನ್ನ ತಲೆ ತಿಂತಿದಾರೆ. ಚಾರ್ಜಲ್ಲಿರೋನು ನಾನು. ಏನಿದ್ರೂ ನನ್ನ ಮೇಲಿರ್ಲಿ."

ಡ್ರಾ ತೆರೆದು ಕೀಲಿ ತೆಗೆದುಕೊಂಡೆ. ಬ್ರೇಕರ್ ಕೋಣೆಗೆ ಹೋದೆ. ಹಿಡಿಕೆಯಿಂದ ಕೆಂಪು ಬೋರ್ಡನ್ನೂ ತೆಗೆದೆ. ಇದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ಬೋರ್ಡು ನನ್ನ ಎಡಗೈಯಲ್ಲಿತ್ತು, ಕೀಲಿ ಬಲಗೈಯಲ್ಲಿತ್ತು. ಬೀಗಕ್ಕೆ ಕೀಲಿ ಹಾಕುವ ಮೊದಲು ಹೊತ್ತು ಬರೆದುಕೊಳ್ಳೋಣವೆಂದು ಕಂಕುಳಲ್ಲಿದ್ದ ರಿಜಿಸ್ಟರ್ ಬಿಡಿಸಿದೆ. ಹದಿನಾಲ್ಕರ ಸಾಲಿನಲ್ಲಿ ವಾಪಸಾತಿಯ ಮೂರು ಮನೆಗಳು ಖಾಲಿಯಿದ್ದವು. ಜನ ಇಳಿದಿದ್ದಾರೆ. ಸಾಮಾನು ತೆಗೆದಿದೆ. ಅರ್ತ್ ಬಿಚ್ಚಿದೆ.

ಆ ಮೂರು ಮಾತುಗಳನ್ನು ಅವರು ಹೇಳಿರಲಿಲ್ಲ. ಅಷ್ಟೇ ಅಲ್ಲ, ಹೆಸರು ಹೇಳಿರಲಿಲ್ಲ. ಹದಿನಾಲ್ಕು ಎಂದಿರಲಿಲ್ಲ. ಎರಡು ವರ್ಷದಲ್ಲಿ ಒಂದು ಸಲವೂ ಆ ಮನುಷ್ಯ ನಂಬರ್ ಹೇಳದೆ ಎಲ್‌ಸಿ ವಾಪಸ್ ಕೊಟ್ಟವರಲ್ಲ. ಪಕ್ಕದಲ್ಲೇ ಸಿಡಿಲು ಹೊಡೆದರೂ ಮೊದಲು ನಂಬರ್ ಹೇಳಿ ಆಮೇಲೆ ಓಡುವವರು.

ಬೋರ್ಡನ್ನು ಮತ್ತೆ ಹಿಡಿಕೆಗೆ ಹಾಕಿದೆ. ಸಾಹೇಬರಿಗೆ ಫೋನ್ ಮಾಡಿದೆ.

"ಸರ್, ನಾನು ಚಾರ್ಜ್ ಮಾಡಲ್ಲ."

"ಬರೆದು ಕಳಿಸ್ಲೇನಮ್ಮ? ಆಗ ಮಾಡ್ತೀಯಾ?"

"ನೀವು ಬರೆದು ಕೊಟ್ರೂ ಮಾಡಲ್ಲ ಸರ್. ಎಲ್‌ಸಿ ತಗೊಂಡಿರೋರು ನೀವಲ್ಲ."

ಆ ಕಡೆ ಫೋನ್ ಇಟ್ಟ ಸದ್ದು. ಇಷ್ಟು ದಿನದ ಕೆಲಸದಲ್ಲಿ ಮೇಲಿನವರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು.

ಹೇಳಿದ್ದೇನೋ ಆಯಿತು, ಮುಂದೇನು? ಪಾಳಿಯಲ್ಲಿ ನಾನೊಬ್ಬಳೇ. ಕಂಟ್ರೋಲ್ ರೂಮ್ ಬಿಟ್ಟು ಹೋಗುವ ಹಾಗಿಲ್ಲ. ತೋಟಕ್ಕೆ ಹೋಗಿ ಕಣ್ಣಾರೆ ನೋಡುವವರು ಬೇಕು, ಅವರ ಹತ್ತಿರ ಗಾಡಿ ಬೇಕು, ಚಾರ್ಜ್ ಇರುವ ಫೋನ್ ಬೇಕು. ಅದೇ ಹೊತ್ತಿಗೆ ಡೇರಿ ಕಾರ್ಯದರ್ಶಿಯ ಹತ್ತನೆಯದೋ ಹನ್ನೊಂದನೆಯದೋ ಫೋನ್ ಬಂತು. ನನಗೆ ಕುಣಿಯುವ ಹಾಗಾಯಿತು.

"ಅಣ್ಣಾ, ನೀವೇ ಒಂದು ಉಪಕಾರ ಮಾಡಬೇಕು. ಕೆರೆ ಏರಿ ದಾಟಿ ಎರಡನೇ ತೋಟಕ್ಕೆ ಬೈಕಲ್ಲಿ ಹೋಗಿ. ಲೈನ್‌ಮ್ಯಾನ್ ಕೆಳಗಿದಾರೋ ಮೇಲಿದಾರೋ ನೋಡಿ ನನಗೆ ಹೇಳಿ."

"ನಾನಿಲ್ಲಿ ಹಾಲು ನೋಡ್ಲೋ ಕಂಬ ನೋಡ್ಲೋ ತಾಯಿ?"

"ಅವರು ಕೆಳಗಿದ್ರೆ ಎರಡೇ ನಿಮಿಷದಲ್ಲಿ ನಿಮಗೆ ಕರೆಂಟು. ಬೇರೆ ದಾರಿ ಇಲ್ಲ ಅಣ್ಣಾ."

ಬೈಕ್ ಸ್ಟಾರ್ಟ್ ಆದ ಸದ್ದು ಫೋನಿನಲ್ಲೇ ಕೇಳಿಸಿತು.

ಹನ್ನೆರಡು ನಿಮಿಷ ಕಾದೆ. ಹಳ್ಳಿಗಳಿಂದ ಐದು ಫೋನ್ ಬಂದವು, ಐದಕ್ಕೂ ಒಂದೇ ಉತ್ತರ ಕೊಟ್ಟೆ. ಬ್ಯಾಟರಿ ಚಾರ್ಜರ್ ನೋಡಿ ಬಂದೆ. ಮೀಟರುಗಳ ಓದು ಬರೆದೆ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಕೂರಬೇಕೆನಿಸುತ್ತಿತ್ತು. ಅವರು ಕೆಳಗೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರೆ ಸಾಹೇಬರ ಮುಂದೆ ನನ್ನ ಗತಿ ಏನು ಎಂದೂ ಯೋಚಿಸಿದೆ. ಫೋನ್ ಬಂತು.

"ಮೇಲವ್ರೆ ಕಣಮ್ಮ! ಕಂಬದ ಮ್ಯಾಲವ್ರೆ! ಎರಡು ಕೈನಾಗೂ ತಂತಿ ತಬ್ಕಂಡವ್ರೆ!"

ಮೇಜಿನ ಮೇಲಿದ್ದ ಕೀಲಿಯನ್ನು ಮತ್ತೆ ಡ್ರಾದಲ್ಲಿಟ್ಟೆ.

"ಹಾಲು ಹೋದ್ರೆ ಹೋಗ್ಲಿ ಬುಡಮ್ಮ! ಬುಡು!"

ಕರೆಂಟ್ ಬುಡು ಅನ್ನುತ್ತಿದ್ದಾರಾ? ಮನುಷ್ಯ ಮೇಲಿರುವಾಗ? ಅರೆಗಳಿಗೆ ಬೇಕಾಯಿತು ನನಗೆ, ಹಾಲಿನ ಆಸೆ ಬಿಡು ಅನ್ನುತ್ತಿದ್ದಾರೆಂದು ತಿಳಿಯಲು.

"ಅಣ್ಣಾ, ಅವರ ಕೈಗೆ ಫೋನ್ ಕೊಡಿ. ಇಳಿದ ಮೇಲೆ."

ಲೈನ್‌ಮ್ಯಾನ್ ಇಳಿದು ಬಂದರು. ಉಸಿರು ಬಿಡುತ್ತಿದ್ದರು.

"ಏನಮ್ಮಣ್ಣಿ, ಏನಾಯ್ತು?"

"ಅಣ್ಣಾ, ಮುಗ್ದೋಯ್ತು, ಚಾರ್ಜ್ ಮಾಡಿ ಅಂತ ನೀವು ಹೇಳಲಿಲ್ವಾ?"

"ಫೋನ್ ಕಣಮ್ಮ! ಫೋನಿನ ಚಾರ್ಜು ಮುಗ್ದೋಯ್ತು ಕಣಮ್ಮ, ಪಿಂಗಾಣಿ ಸೀಳ್ಯದೆ, ಇನ್ನೂ ತಡ ಆಯ್ತದೆ, ತೋಟದ ಮನೇಲಿ ಚಾರ್ಜ್ ಮಾಡಿ ಮಾತಾಡ್ತೀನಿ ಅಂದೆ."

ಆಮೇಲೆ ಅವರಿಗೇ ಹೊಳೆಯಿತು, ಊರಿಗೇ ಕರೆಂಟಿಲ್ಲದ ದಿನ ತೋಟದ ಮನೆಯಲ್ಲಿ ಫೋನ್ ಚಾರ್ಜ್ ಆಗುವುದಾದರೂ ಹೇಗೆ ಎಂದು. "ಥೂ, ನನ್ನ ಬುದ್ಧಿಗಿಷ್ಟು" ಎಂದರು. ಕಂಬದ ಹತ್ತಿರ ಅವರು ಅರ್ತ್ ಸರಪಳಿ ಹಾಕಿಕೊಂಡಿದ್ದರು. ಅದು ಅವರನ್ನು ಕಾಪಾಡುತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇನ್ನೂ ಮುಕ್ಕಾಲು ಗಂಟೆಯ ಕೆಲಸವಿತ್ತು. ಕಾರ್ಯದರ್ಶಿ ತಮ್ಮ ಫೋನನ್ನು ಕಂಬದ ಬುಡದಲ್ಲಿ ಬಿಟ್ಟು ಡೇರಿಗೆ ಹೋದರು. ಗೂಡ್ಸ್ ಆಟೋ ಹಿಡಿದು, ಟ್ಯಾಂಕಿನ ಹಾಲನ್ನು ಕ್ಯಾನುಗಳಿಗೆ ತುಂಬಿಸಿ ಐದನೇ ಫೀಡರಿನ ಊರಿನ ಟ್ಯಾಂಕಿಗೆ ಸಾಗಿಸತೊಡಗಿದರು. ಮುಕ್ಕಾಲು ಪಾಲು ಹಾಲು ಉಳಿಯಿತು.

ಹನ್ನೆರಡೂವರೆಯ ಹೊತ್ತಿಗೆ ಕಾರ್ಯದರ್ಶಿಯ ನಂಬರಿನಿಂದ ಲೈನ್‌ಮ್ಯಾನ್ ಮಾತಾಡಿದರು. ಮೊದಲು ಹೆಸರು. ಆಮೇಲೆ, "ಎಲ್‌ಸಿ ಹದಿನಾಲ್ಕು ವಾಪಸ್. ಜನ ಇಳಿದವ್ರೆ, ಮೂವರೂ. ಸಾಮಾನು ತೆಗ್ದದೆ. ಅರ್ತ್ ಬಿಚ್ಯದೆ." ಒಂದೊಂದನ್ನೂ ನಾನು ತಿರುಗಿ ಹೇಳಿದೆ, ಅವರು ಒಂದೊಂದಕ್ಕೂ ಹೂಂ ಎಂದರು. ಮೂರು ಮನೆ ತುಂಬಿದವು. ಬೋರ್ಡು ತೆಗೆದೆ, ಬೀಗ ತೆಗೆದೆ, ಅರ್ತ್ ತೆಗೆದೆ, ಟ್ರಾಲಿ ಒಳಕ್ಕೆ ತಳ್ಳಿದೆ, ಸ್ವಿಚ್ ತಿರುಗಿಸಿದೆ. ಬ್ರೇಕರ್ ಢಂ ಎಂದು ಕೂತಿತು. ಮೀಟರಿನ ಮುಳ್ಳು ಎದ್ದು ಅಲುಗಾಡಿ, ಮೇಲೇರಿ ನಿಂತಿತು. ಬೀಳಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ನಿಂತೇ ಇತ್ತು. ಯಾರೂ ಇಲ್ಲದ ಕೋಣೆಯಲ್ಲಿ ನಾನು ಜೋರಾಗಿ ಚಪ್ಪಾಳೆ ತಟ್ಟಿದೆ.

ಎರಡು ಗಂಟೆಗೆ ಪಾಳಿ ಮುಗಿದರೂ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಲೈನ್‌ಮ್ಯಾನ್ ಬಂದರು. ಕಾರ್ಯದರ್ಶಿಯೂ ಬಂದರು, ಕೈಯಲ್ಲಿ ನಾಲ್ಕು ಪೊಟ್ಟಣ ಮಜ್ಜಿಗೆ. ಸ್ಟೇಷನ್ ಅಂಗಳದ ಹೊಂಗೆ ಮರದ ಕೆಳಗೆ ಕೂತೆವು.

"ಈ ಚಾರ್ಜು ಅನ್ನೋದನ್ನ ಫೋನ್‌ನಾಗೆ ಆಡೋದೇ ಬ್ಯಾಡ ಕಣಮ್ಮ" ಎಂದರು ಲೈನ್‌ಮ್ಯಾನ್.

"ಮತ್ತೆ ಏನನ್ನೋಣ?"

"ಕರೆಂಟ್ ಬುಡಿ ಅನ್ನಿ" ಎಂದರು ಕಾರ್ಯದರ್ಶಿ.

"ಅಣ್ಣಾ, ನೀವು ಬುಡಮ್ಮ ಅಂದಾಗ ನನ್ನ ಜೀವ ಹೋಗಿತ್ತು!"

ಅವರು ಬಾಯಿ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ಹೌದಲ್ಲ. ಬ್ಯಾಡ ಬುಡಿ ಅಂದ್ರೂ ಬುಡೀನೇ."

"ಆನ್ ಮಾಡಿ ಅನ್ನೋಣ್ವಾ?" ಎಂದೆ. ಲೈನ್‌ಮ್ಯಾನ್ ಬೇಡವೆಂದು ತಲೆಯಲ್ಲಾಡಿಸಿದರು. ಊರಿನ ಟ್ರಾನ್ಸ್‌ಫಾರ್ಮರ್ ಹತ್ತಿರದ ಸ್ವಿಚ್ಚನ್ನು ಆನ್ ಮಾಡಿ ನೋಡ್ತೀನಿ ಎಂದು ಅವರೇ ದಿನಕ್ಕೆ ಹತ್ತು ಸಲ ಹೇಳುತ್ತಾರಂತೆ. ಆಗ ನನಗೆ ಹೊಳೆಯಿತು. ತಪ್ಪು ಬರೀ ಚಾರ್ಜಿನದಲ್ಲ, ಅದರ ಹಿಂದೆ ಬಂದ ನಮ್ಮದೇ 'ಮಾಡಿ'ಯದೂ ಹೌದು! ಅವರು ಚಾರ್ಜ್ ಮಾಡಿ ಆಮೇಲೆ ಮಾತಾಡುತ್ತೇನೆ ಎಂದರು. ನಾನು ಕೇಳಿಸಿಕೊಂಡಿದ್ದು ಅಪ್ಪಣೆ. ಎರಡಕ್ಕೂ ನಮ್ಮ ಬಾಯಲ್ಲಿ ಒಂದೇ ಮಾತು. ವಾಕ್ಯ ಅರ್ಧಕ್ಕೆ ತುಂಡಾದರೆ ಯಾವುದೆಂದು ಬ್ರಹ್ಮನಿಗೂ ತಿಳಿಯದು. ಹರಿಸಿ ಎಂದರೂ ಅದೇ ಕಥೆ. ಹಾಕಿ ಎಂದರೂ ಅದೇ ಕಥೆ. ನಾನು ಮಜ್ಜಿಗೆ ಪೊಟ್ಟಣ ಕೆಳಗಿಟ್ಟು ಒಂದೊಂದೇ ಮಾತನ್ನು ಬಾಯಲ್ಲಿ ಆಡಿಸಿ ನೋಡತೊಡಗಿದೆ. ಮಾಡಿ ಹೋದೆ, ಹಾಕಿ ಹೋದೆ, ಹರಿಸಿ ಹೋದೆ. ಕೊಡಿ... ಕೊಡಿ ಹೋದೆ? ಹಾಗೆ ಯಾರೂ ಹೇಳುವುದಿಲ್ಲ! ಕೊಟ್ಟು ಹೋದೆ ಅನ್ನುತ್ತೇವೆ.

"ಕೊಡಿ!" ಎಂದು ನಾನು ಕೂಗಿದೆ. ಇಬ್ಬರೂ ಬೆಚ್ಚಿದರು. "ಕರೆಂಟ್ ಕೊಡಿ. ಎಲ್ಲಿ ತುಂಡಾದರೂ ಇದಕ್ಕೆ ಇನ್ನೊಂದು ಅರ್ಥ ಬರಲ್ಲ."

ಲೈನ್‌ಮ್ಯಾನ್ ಮೆಲ್ಲಗೆ ಹೇಳಿ ನೋಡಿದರು. "ಎಲ್‌ಸಿ ಹದಿನಾಲ್ಕು ವಾಪಸ್. ಕರೆಂಟ್ ಕೊಡಿ." ಆಮೇಲೆ, "ಚೆನ್ನಾಗದೆ ಕಣಮ್ಮ" ಎಂದರು. ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಮೇಲಿನ ಗೋಡೆಗೆ ಅಂಟಿಸಿದೆ: ಮೊದಲು ಹೆಸರು, ನಂಬರ್. ಆಮೇಲೆ ಜನ, ಸಾಮಾನು, ಅರ್ತ್. ಕೊನೆಗೆ ಕರೆಂಟ್ ಕೊಡಿ. ಚಾರ್ಜ್ ಎನ್ನುವ ಮಾತು ಈ ಫೋನಿನಲ್ಲಿ ಆಡಕೂಡದು.

ಎರಡು ದಿನ ಬಿಟ್ಟು ಸಾಹೇಬರು ಸ್ಟೇಷನ್ನಿಗೆ ಬಂದರು. ಎರಡೂ ಸೆಕ್ಷನ್ನಿನ ಲೈನ್‌ಮ್ಯಾನ್‌ಗಳನ್ನು ಕರೆಸಿದ್ದರು. ನನಗೆ ಮೆಮೋ ಸಿಗುತ್ತದೆಂದೇ ನಾನು ತಯಾರಾಗಿದ್ದೆ. ಸಾಹೇಬರು ಗೋಡೆಯ ಹಾಳೆಯನ್ನು ಎರಡು ಸಲ ಓದಿದರು. ತಿರುಗಿ, "ಚಾರ್ಜು ಅಂತ ಎಲ್ಲೆಲ್ಲಿ ಅಂತೀರಪ್ಪ? ಒಬ್ಬೊಬ್ಬರೂ ಹೇಳಿ" ಎಂದರು.

ಒಬ್ಬರು "ಬಸ್ ಚಾರ್ಜು" ಎಂದರು. ಕಟ್ಟೆ ಒಡೆದ ಹಾಗಾಯಿತು. ಲಾಠಿ ಚಾರ್ಜು! ಚಾರ್ಜ್‌ಶೀಟು! ಬ್ಯಾಟರಿ ಟಾರ್ಚಿನ ಚಾರ್ಜು! ಕಾಯಿ ಕೆಡವೋರ ಚಾರ್ಜು! "ಬೆಳಿಗ್ಗೆ ಟೀ ಕುಡುದ್ರೆ ಮೈಗೆ ಚಾರ್ಜ್ ಆಯ್ತದೆ ಸಾ!" ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಿದ್ದರು. ಒಬ್ಬರು ಹೇಳಿದ್ದು ಆಗಲೇ ಬಂದಿದೆ, ಲೆಕ್ಕಕ್ಕಿಲ್ಲ ಎಂದು ಇನ್ನೊಬ್ಬರು ಜಗಳ ತೆಗೆದರು. ನಾನು ಒಂದು ಹಳೇ ಕಾಗದದ ಹಿಂದೆ ಬರೆದುಕೊಳ್ಳುತ್ತ ಹೋದೆ, ಹಾಳೆ ಸಾಲದೆ ಅಂಚಿಗೂ ಬರೆದೆ. ಸಾಹೇಬರು ನಕ್ಕಿದ್ದನ್ನು ನಾನು ನೋಡಿದ್ದು ಅಂದೇ.

ನಗು ನಿಂತ ಮೇಲೆ ಅವರು ರಿಜಿಸ್ಟರ್ ಕೇಳಿದರು. ಹದಿನಾಲ್ಕರ ಸಾಲು ಹುಡುಕಿ, ಷರಾ ಬರೆಯುವ ಜಾಗದಲ್ಲಿ ತಮ್ಮ ಪೆನ್ನಿನಿಂದ ಬರೆದರು. ಬರೆದಿದ್ದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು: "ಎಲ್‌ಸಿ ವಾಪಸಾಗುವ ಮೊದಲು ನಾನು ಬಾಯಿಮಾತಿನಲ್ಲಿ ಆದೇಶ ಕೊಟ್ಟೆ. ಆಪರೇಟರ್ ಲೈನ್ ಚಾರ್ಜ್ ಮಾಡಲಿಲ್ಲ. ಅವರು ಮಾಡಿದ್ದು ಸರಿ."

ನಾನು ನೆಲ ನೋಡಿದೆ. ಲೈನ್‌ಮ್ಯಾನ್ ಮುಂದೆ ಬಂದು, ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಬೆರಳು ಒಂದು ಕಡೆ ನಿಂತಿತು.

"ಸಾ, ಇಲ್ಲೂ ಚಾರ್ಜು ಅಂತ ಬರ್ದ್‌ಬುಟ್ರಲ್ಲಾ."

ಸಾಹೇಬರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು. 'ಲೈನ್ ಚಾರ್ಜ್ ಮಾಡಲಿಲ್ಲ' ಎನ್ನುವುದರ ಮೇಲೆ ಗೆರೆ ಎಳೆದು, ಸಣ್ಣ ಸಹಿ ಹಾಕಿ, ಮೇಲೆ ನಿಧಾನವಾಗಿ ಬರೆದರು: ಕರೆಂಟ್ ಕೊಡಲಿಲ್ಲ.